ಮನೆ ಬಿಡಿಸಿದ್ದು

ಟ್ರಂಕು ತಂದೇಬಿಡಬೇಕಿತ್ತು ಎಂದು ಅಕ್ಕನಾಗಮ್ಮನಿಗೆ ಅನ್ನಿಸಿದ್ದು ಬಸ್ಸು ಸೊರಬದ ಕೊನೆಯ ಮನೆಗಳನ್ನೂ ಹಿಂದೆ ಹಾಕಿದ ಮೇಲೆ. ಮಡಿಲಲ್ಲಿದ್ದ ಕೈಚೀಲದಲ್ಲಿ ಒಂದು ಸೀರೆ, ವಿಭೂತಿ ಗಟ್ಟಿ, ದೊಡ್ಡ ತಮ್ಮನ ಮನೆಗೆಂದು ಕಟ್ಟಿಸಿಕೊಂಡ ಮಂಡಕ್ಕಿ ಉಂಡೆ, ಇಷ್ಟೇ. ಇಷ್ಟನ್ನು ಹಿಡಿದುಕೊಂಡು ಹೋಗುವವರು ನೆಂಟರು. ತನ್ನ ಮನೆಗೆ ತಾನು ಮರಳುವ ಹೆಂಗಸು ಹೀಗೆ ಹೋಗುವುದಿಲ್ಲ. ಬೆಳಿಗ್ಗೆ ಅವಳು ಟ್ರಂಕಿನ ಮುಂದೆ ಕೂತು ಸೀರೆ ಮಡಿಸುತ್ತಿದ್ದಾಗ ಚಿಕ್ಕ ತಮ್ಮ ಬೆನಕಪ್ಪ ಬಾಗಿಲಲ್ಲಿ ನಿಂತು, "ಅದ್ಯಾಕೆ ಈಗ? ಬಸ್ಸಿನವ್ರು ಲಗೇಜು ಚಾರ್ಜು ಹಾಕ್ತಾರೆ. ಆಮೇಲೆ ಯಾರಾದ್ರೂ ಆ ಕಡೆ ಹೋಗೋವಾಗ ಕಳಿಸಿದ್ರಾಯ್ತು" ಎಂದಿದ್ದ. ಚಾರ್ಜು ಎಂದ ಕೂಡಲೇ ಅವಳ ಕೈ ತಾನಾಗಿ ಟ್ರಂಕಿನ ಮುಚ್ಚಳ ಮುಚ್ಚಿತ್ತು. ಖರ್ಚಿನ ಮಾತು ಕಿವಿಗೆ ಬೀಳುತ್ತಲೇ ಬುದ್ಧಿಯನ್ನು ಕೇಳದೆ ಮುಚ್ಚಿಕೊಳ್ಳುವುದು ಆ ಕೈಗೆ ಅಭ್ಯಾಸವಾಗಿಹೋಗಿತ್ತು. ಆಮೇಲೆ ಬೆನಕಪ್ಪನ ಹೆಂಡತಿ ರಾಜೇಶ್ವರಮ್ಮ, ಮೊರದಲ್ಲಿ ಅರ್ಧ ಆರಿಸಿಟ್ಟಿದ್ದ ಅಕ್ಕಿಯನ್ನು ನೋಡಿ, "ಅದು ಹಾಗೇ ಇರ್ಲಿ ಬಿಡಿ ಅಕ್ಕ, ನಾಳೆ ಆರಿಸಿದ್ರಾಯ್ತು" ಎಂದಿದ್ದಳು. ಯಾರು ಆರಿಸಿದರಾಯಿತು? ಆಗ ಅವಳು ಅದನ್ನು ಕೇಳಲಿಲ್ಲ. ಬಸ್ಸಿನ ಕಿಟಕಿಯ ಸರಳು ಹಿಡಿದು ಕೂತ ಈಗ ಆ ಮಾತು ಹಲ್ಲಿನ ಸಂದಿಯ ಅಡಕೆ ಚೂರಿನಂತೆ ಕಾಡತೊಡಗಿತು. ಪಕ್ಕದಲ್ಲಿ ಕೂತ ಹೆಂಗಸು, "ಎಲ್ಲಿಗವ್ವಾ?" ಎಂದಳು. "ಮನೆಗೆ. ಶಿಕಾರಿಪುರದಲ್ಲಿ ನಮ್ಮ ಮನೆಗೆ" ಎಂದು ಅಕ್ಕನಾಗಮ್ಮ ಬೇಕಾದದ್ದಕ್ಕಿಂತ ಗಟ್ಟಿಯಾಗಿ ಹೇಳಿದಳು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಮನೆ ಬಿಡಿಸಿಕೊಂಡಾಯಿತು, ಸೋಮವಾರ ಅಯ್ಯನವರನ್ನು ಕರೆಸಿ ಪಾದಪೂಜೆ ಇಟ್ಟುಕೊಂಡಿದ್ದೇವೆ, ಅಕ್ಕಯ್ಯ ಬರಲೇಬೇಕು ಎಂದು ದೊಡ್ಡ ತಮ್ಮ ಮಲ್ಲಿಕಾರ್ಜುನಪ್ಪ ಹೇಳಿಕಳಿಸಿದಾಗ ಅವಳು ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತಿದ್ದಳು. ಸಂತೋಷಕ್ಕೆ. ಅಪ್ಪ ಮೆಣಸಿನಕಾಯಿ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡು ಆ ಮನೆಯನ್ನು ಪರಮಶಿವಪ್ಪನವರಿಗೆ ಅಡಮಾನ ಮಾಡಿ, ಅದೇ ಕೊರಗಿನಲ್ಲಿ ಕಣ್ಣು ಮುಚ್ಚಿದ್ದ. ಗಡುವು ಇನ್ನೂ ಎಷ್ಟೋ ವರ್ಷ ಇತ್ತು. ಮಲ್ಲಿಕಾರ್ಜುನಪ್ಪನಿಗೆ ಅವಸರವೇನೂ ಇರಲಿಲ್ಲ. ಜವಳಿ ಅಂಗಡಿ ನಡೆಯುತ್ತದೆ, ಬಡ್ಡಿ ಹೋಗುತ್ತಿರುತ್ತದೆ, ಕಾಲ ಬಂದಾಗ ತೀರುತ್ತದೆ ಎನ್ನುವ ಮನುಷ್ಯ ಅವನು. ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತು, "ಗಡುವಿನ ತನಕ ಯಾಕೆ ಕಾಯಬೇಕೋ? ಬಡ್ಡಿ ತಿನ್ನೋದು ಮನೇನ. ಬಾಯಿ ಕಟ್ಟಿದ್ರೆ ಬೇಗ ಬಿಡಿಸ್ಕೋಬಹುದು" ಎಂದವಳು ಅಕ್ಕನಾಗಮ್ಮ. ಎಂದವಳು ತಾನೇ. ಅದನ್ನು ನೆನೆದಾಗ ಅವಳಿಗೆ ಹೆಮ್ಮೆಯೂ ಆಗುತ್ತಿತ್ತು, ಹೆಮ್ಮೆಯ ಬುಡದಲ್ಲಿ ಏನೋ ಕಹಿಯೂ ಜಿನುಗುತ್ತಿತ್ತು. ಮೊದಲು ಹೋದದ್ದು ಕಾಫಿ. ಅದರ ಜಾಗಕ್ಕೆ ಕೊತ್ತಂಬರಿ ಬೀಜದ ಕಷಾಯ ಬಂತು. ಆಮೇಲೆ ಎರಡನೇ ಲಾಟೀನು. ಊಟದ ಮನೆಯ ಬೆಳಕು ಮುಗಿದ ಮೇಲೆ ಅದೇ ಲಾಟೀನು ಪಡಸಾಲೆಗೆ ಬರಬೇಕು, ಅದುವರೆಗೆ ಪಡಸಾಲೆಯವರು ಕತ್ತಲಲ್ಲಿ ಕೂತಿರಬೇಕು. ಪೇಟೆಯ ತರಕಾರಿ ಹೋಗಿ ಹಿತ್ತಲ ಸೊಪ್ಪು ಬಂತು. ತಮ್ಮನ ಹೆಂಡತಿ ನಿರ್ಮಲಮ್ಮ ಕುದಿಯುವ ಸಾರಿಗೆ ಬೇಳೆ ಹಾಕಲು ಹೋದರೆ ಅಕ್ಕನಾಗಮ್ಮ ಅವಳ ಮಣಿಕಟ್ಟು ನೋಡುತ್ತಿದ್ದಳು, ಬೇಳೆಯನ್ನಲ್ಲ. ಹಾಗೆ ನೋಡಿದರೆ ಆ ಕೈ ಅರ್ಧದಲ್ಲೇ ನಿಲ್ಲುತ್ತಿತ್ತು. ಸೋಮವಾರದ ಒಪ್ಪತ್ತನ್ನು ಅವಳು ಗುರುವಾರಕ್ಕೂ ಹಬ್ಬಿಸಿದಳು, ಆಮೇಲೆ ಯಾವ ವಾರವೆಂದು ಯಾರೂ ಕೇಳದಷ್ಟು ರಾತ್ರಿಯ ಊಟವನ್ನೇ ಬಿಟ್ಟಳು. ಶಿವನ ಹೆಸರಿನಲ್ಲಿ ಉಪವಾಸ ಮಾಡಿ ಅದರ ಅಕ್ಕಿಯನ್ನು ಪರಮಶಿವಪ್ಪನ ಬಡ್ಡಿಗೆ ಹಾಕುತ್ತಿದ್ದೇನಲ್ಲ, ಇದು ಯಾವ ಭಕ್ತಿ ಎಂದು ಒಂದೊಂದು ಸಲ ನಗುವೂ ಬರುತ್ತಿತ್ತು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ ಹೊಟ್ಟೆ ಗುರುಗುಟ್ಟಿದರೆ ಅವಳು ಕಣ್ಣು ಮುಚ್ಚಿ ಕಾಯುತ್ತಿದ್ದಳು, ದೇವರಿಗೆ ಕೇಳಿಸದಿರಲಿ ಎಂಬಂತೆ.

ಶಿರಾಳಕೊಪ್ಪದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಸಂತೆಗೆ ಹೊರಟವರು ಬುಟ್ಟಿ ಏರಿಸುವ ಗಲಾಟೆಯಲ್ಲಿ ಒಬ್ಬ ಮುದುಕಿ ಕಂಡಕ್ಟರನಿಗೆ ಹೊಸ ನಯೇಪೈಸೆ ಎಣಿಸಿಕೊಡಲಾರದೆ, ಅಂಗೈ ಪೂರ್ತಿ ಚಾಚಿ, "ನೀನೇ ತಗಳಪ್ಪ, ನಿನ್ನ ಧರ್ಮ" ಎನ್ನುತ್ತಿದ್ದಳು. ಆ ಚಾಚಿದ ಅಂಗೈ ನೋಡಿದ್ದೇ ಅಕ್ಕನಾಗಮ್ಮನಿಗೆ ದ್ಯಾಮಮ್ಮ ನೆನಪಾದಳು. ಅಪ್ಪನ ಕಾಲದಿಂದ ಮುಸುರೆ ತಿಕ್ಕಿ, ಅಂಗಳ ಸಾರಿಸಿ, ಅಕ್ಕನಾಗಮ್ಮ ಗಂಡನನ್ನು ಕಳಕೊಂಡು ತವರಿಗೆ ಬಂದ ದಿನ ಅಪ್ಪನಿಗಿಂತ ಮೊದಲು ಎದ್ದು ಬಂದು ಅವಳನ್ನು ಬಾಚಿ ತಬ್ಬಿಕೊಂಡವಳು. ಅವಳನ್ನು ಕೆಲಸದಿಂದ ಬಿಡಿಸೋಣವೆಂದು ಸೂಚಿಸಿದ್ದು ಮಲ್ಲಿಕಾರ್ಜುನಪ್ಪನಲ್ಲ. ಅವನು ಬಾಯಿ ತೆರೆಯುವ ಮೊದಲೇ ಇವಳು, "ನಾನು ಇದೀನಲ್ಲ ಮುಸುರೆಗೆ" ಎಂದಿದ್ದಳು. ಹೇಳುವ ಕೆಲಸವನ್ನೂ ತಾನೇ ವಹಿಸಿಕೊಂಡಿದ್ದಳು. ದ್ಯಾಮಮ್ಮ ಕೇಳಿ, ಕೈಯ ಬೂದಿ ತೊಳೆದುಕೊಂಡು, "ಮನೆ ಬಿಡಿಸಿಕಂಡ ಮ್ಯಾಲೆ ಕರೀತೀರೇನವ್ವ?" ಎಂದಿದ್ದಳು. "ಕರೀದೆ ಇರ್ತೀವೇನೇ?" ಎಂದಿದ್ದಳು ಇವಳು, ಮುಖ ನೋಡದೆ. ಆ ಸಂಜೆ ಪಾತ್ರೆಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಾಗ ಅವಳಿಗೆ ದೊಡ್ಡದೇನನ್ನೋ ಗೆದ್ದ ಸುಖವಿತ್ತು. ಅದೇ, ಆ ಸುಖವೇ ಈಗ ಹೆಚ್ಚು ನಾಚಿಕೆ ತರುತ್ತಿತ್ತು. ಒಬ್ಬಳ ಅನ್ನ ಕಿತ್ತು ಅಷ್ಟು ಸುಖಪಟ್ಟವಳಿಗೆ ಸಿಟ್ಟು ಮಾಡುವ ಹಕ್ಕಾದರೂ ಎಲ್ಲಿಂದ ಬಂತು? ಆದರೂ ಸಿಟ್ಟು ಬರುತ್ತಿತ್ತು. ಹಕ್ಕನ್ನು ಕೇಳಿಕೊಂಡು ಬರುವ ಸಿಟ್ಟು ಅದಲ್ಲ.

ಯಾಕೆಂದರೆ ಕತ್ತರಿಸುವುದಕ್ಕೆ ಮನೆಯಲ್ಲಿ ಬೇರೇನೂ ಉಳಿಯದಿದ್ದಾಗ ಅವಳೇ ಉಳಿದಿದ್ದಳು. ಮಲ್ಲಿಕಾರ್ಜುನಪ್ಪ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಾ, ಬೆನ್ನು ಹಾಕಿ, "ಎರಡು ತಿಂಗಳು ಸೊರಬದಾಗೆ ಇದ್ದು ಬಾ ಅಕ್ಕಯ್ಯ. ರಾಜೇಶ್ವರಿಗೂ ಕೈಗೆ ಆಸರೆ ಆಗ್ತದೆ" ಎಂದಾಗ ಅವಳು ಮೊದಲು ನಕ್ಕಿದ್ದಳು. ಆಮೇಲೆ ಅರ್ಥವಾಗಿತ್ತು. ಅರ್ಥವಾದ ಮರುಗಳಿಗೆ ಅವಳ ಮನಸ್ಸು ಮಾಡಿದ್ದೇನು? ತಾನು ಉಣ್ಣುವ ಅಕ್ಕಿ, ಉಡುವ ಸೀರೆ, ಕುಡಿಯುವ ಮಜ್ಜಿಗೆ ಎಲ್ಲವನ್ನೂ ಕೂಡಿ, ಹೌದು, ಇಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿ, "ಆಗ್ಲಿ" ಎಂದಿತ್ತು. ತನ್ನನ್ನು ತಾನೇ ತೂಗಿ ಕೊಟ್ಟ ಆ ಗಳಿಗೆಯನ್ನು ಅವಳು ಸೊರಬದ ಜಗಲಿಯಲ್ಲಿ ಮಲಗಿ ಎಷ್ಟೋ ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದಳು. ಎರಡು ತಿಂಗಳು ಕಳೆದು ಮಳೆಗಾಲ ಬಂತು, ಮಳೆಗಾಲ ಕಳೆದು ದೀಪಾವಳಿಯೂ ಬಂತು. ರಾಜೇಶ್ವರಮ್ಮ ಕೆಟ್ಟವಳಲ್ಲ. ಆದರೆ ನೆರೆಯವರು ಬಂದಾಗ, "ನಮ್ಮ ಯಜಮಾನ್ರ ಅಕ್ಕ, ಬಂದಿದಾರೆ" ಎನ್ನುತ್ತಿದ್ದಳು. ಬಂದಿದ್ದಾರೆ. ಹೋಗುವವರಿಗೆ ಹೇಳುವ ಮಾತು. ತಿಂಗಳುಗಟ್ಟಲೆ ಒಂದೇ ಮನೆಯಲ್ಲಿ ಬಂದು ಬಂದು ಬರುತ್ತಲೇ ಇರುವುದು ಹೇಗೆ ಎಂದು ಅವಳಿಗೆ ಗೊತ್ತಾಗಿತ್ತು: ನೀರು ಕುಡಿಯುವ ಚೊಂಬು ಎಲ್ಲಿದೆಯೆಂದು ಗೊತ್ತಿದ್ದರೂ ಕೇಳಿ ತೆಗೆದುಕೊಳ್ಳುವುದು.

ಶಿಕಾರಿಪುರದಲ್ಲಿ ಇಳಿದು, ಹುಚ್ಚರಾಯಸ್ವಾಮಿ ಗುಡಿಯ ಕಡೆಗೆ ಕೈಮುಗಿದು, ಪೇಟೆಯ ಬೀದಿ ಹಿಡಿದಾಗ ಅವಳ ಕಾಲುಗಳು ತಾವಾಗಿಯೇ ಚುರುಕಾದವು. ಮನೆಗೆ ಸುಣ್ಣ ಬಳಿದಿದ್ದರು. ಬಾಗಿಲಿಗೆ ಮಾವಿನೆಲೆ ಕಟ್ಟಿತ್ತು. ಬಾಗಿಲ ಪಕ್ಕದ ಹೊಸ ಸುಣ್ಣದ ಮೇಲೆ ಮಲೇರಿಯಾ ಇಲಾಖೆಯವರು ಕೆಮ್ಮಣ್ಣಿನ ಬಣ್ಣದಲ್ಲಿ ಅದೇನೋ ಅಂಕಿ ಬರೆದಿದ್ದರು. ನಮ್ಮ ಗೋಡೆಯ ಮೇಲೆ ಹೇಳದೆ ಕೇಳದೆ ಬರೆಯುವುದೆಂದರೇನು ಎಂದು ಅವಳಿಗೆ ರೇಗಿತು. ರೇಗಿದ್ದು ಹಿತವಾಯಿತು, ನಮ್ಮ ಗೋಡೆ ಎಂದುಕೊಂಡೆನಲ್ಲ ಎಂದು. ನಿರ್ಮಲಮ್ಮ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತಾ ಬಂದಳು. "ಬರ್ರಿ ಅಕ್ಕ, ಬರ್ರಿ. ಕಾಲಿಗೆ ನೀರು ಕೊಡ್ತೀನಿ ತಡೀರಿ. ಬಸ್ಸು ತಡ ಆಯ್ತೇನ್ರೀ? ಕೂಡ್ರಿ, ಕೂಡ್ರಿ, ಚಾಪಿ ಹಾಕ್ತೀನಿ." ಅಕ್ಕನಾಗಮ್ಮ ಚೊಂಬು ಹಿಡಿದುಕೊಂಡು ನಿಂತಳು. ಈ ಅಂಗಳದಲ್ಲಿ ಅವಳಿಗೆ ಇದುವರೆಗೆ ಯಾರೂ ಕಾಲಿಗೆ ನೀರು ಕೊಟ್ಟಿರಲಿಲ್ಲ. ಅವಳು ಬೇರೆಯವರಿಗೆ ಕೊಡುತ್ತಿದ್ದಳು. ಇದು ಮರ್ಯಾದೆ, ಸಂಭ್ರಮದ ದಿನದ ಮರ್ಯಾದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕಾಲು ತೊಳೆದು ಒಳಗೆ ಹೋದಳು. ಸೀದಾ ಹಿತ್ತಲಿಗೆ ನಡೆದು ನೋಡಿದರೆ ಅಲ್ಲಿ ಕೊಪ್ಪರಿಗೆಯ ಮುಂದೆ ಕೂತು ದ್ಯಾಮಮ್ಮ ಬೂದಿಯಲ್ಲಿ ತಿಕ್ಕುತ್ತಿದ್ದಳು.

"ಬಂದೀಯೇನೇ ದ್ಯಾಮಿ?" ಎಂದಳು ಅಕ್ಕನಾಗಮ್ಮ. ಎದೆಯಿಂದ ಏನೋ ಇಳಿದ ಹಾಗಾಗಿತ್ತು. "ಕರೆದ್ರಾ ಹಾಗಾದ್ರೆ."

ದ್ಯಾಮಮ್ಮ ತಲೆಯೆತ್ತಿ ನೋಡಿ ಮತ್ತೆ ತಲೆ ಬಾಗಿಸಿದಳು. "ಇವತ್ತೊಂದಿನಕ್ಕೆ ಕರೆದವ್ರೆ ಕಣವ್ವ. ಊಟದ ಮನೆ ಅಲ್ವಾ." ಸ್ವಲ್ಪ ತಿಕ್ಕಿದ ಮೇಲೆ, "ನಿಮ್ಮದು ಎಷ್ಟು ದಿನ?" ಎಂದಳು.

ಕುಹಕವಿತ್ತೋ ಇಲ್ಲವೋ ಅಕ್ಕನಾಗಮ್ಮನಿಗೆ ತಿಳಿಯಲಿಲ್ಲ. ಕುಹಕವಿದ್ದಿದ್ದರೆ ಚೆನ್ನಿತ್ತು, ತಿರುಗಿ ಏನಾದರೂ ಅನ್ನಬಹುದಿತ್ತು. ಆ ಮುಖದಲ್ಲಿ ಏನೂ ಇರಲಿಲ್ಲ. ಲೋಕದಲ್ಲಿ ಎಲ್ಲರದ್ದೂ ಇಷ್ಟು ದಿನ ಎಂದು ಇರುತ್ತದೆ, ಅದನ್ನು ಕೇಳಬಹುದು ಎಂಬಂತೆ ಕೇಳಿದ್ದಳು. ಅಕ್ಕನಾಗಮ್ಮ ಒಳಗೆ ತಿರುಗಿ ತನ್ನ ಕೋಣೆಯ ಕಡೆಗೆ ನಡೆದಳು. ನಡುಮನೆ ದಾಟಿ ಎಡಗಡೆಯ ಆ ಸಣ್ಣ ಕೋಣೆ. ಅವಳು ಗಂಡನ ಮನೆಯಿಂದ ಬರಿಗೈಲಿ ಬಂದಾಗ ಅಪ್ಪ ಅದರ ಜೋಳದ ಚೀಲಗಳನ್ನು ತಾನೇ ಹೊತ್ತು ಹೊರಗೆ ಹಾಕಿ, ನೆಲ ಗುಡಿಸಿ, ಬೆವರೊರೆಸಿಕೊಂಡು, "ಇದು ನಿಂದು ಮಗಾ. ನಾನಿದ್ರೂ ನಿಂದು, ನಾನು ಹೋದ್ರೂ ನಿಂದು" ಎಂದಿದ್ದ. ಬಾಗಿಲಿಗೆ ಬೀಗ ಇರಲಿಲ್ಲ. ತಳ್ಳಿದಳು. ಮೂಗಿಗೆ ಮೊದಲು ಬಡಿದದ್ದು ಔಷಧದ ಘಾಟು. ಗೋಡೆಗೆ ಒರಗಿಸಿದ ಸಿಂಪಡಿಸುವ ಪಂಪು, ಬಿಳಿ ಪುಡಿಯ ಡಬ್ಬಗಳು, ಹಗ್ಗದ ಮಂಚ, ಮೊಳೆಗೆ ನೇತುಹಾಕಿದ ಖಾಕಿ ಷರಟು. ಅವಳು ಬೆಳಿಗ್ಗೆ ಕೂತು ಲಿಂಗಪೂಜೆ ಮಾಡುತ್ತಿದ್ದ ಗೂಡಿನಲ್ಲಿ ಒಂದು ಕ್ಷೌರದ ಬಟ್ಟಲು, ಬ್ರಷ್ಷು, ಒಣಗಿದ ನೊರೆ. ಅವಳು ಅದನ್ನೇ ನೋಡುತ್ತಾ ನಿಂತಳು. ಆ ಗೂಡಿನ ಅಂಚಿನಲ್ಲಿ ವಿಭೂತಿಯ ಬಿಳಿ ಇನ್ನೂ ಅಂಟಿತ್ತು, ಅಥವಾ ಅದೂ ಸೋಪಿನ ನೊರೆಯೋ.

ಹಿಂದಿನಿಂದ ಯಾರೋ ಕೆಮ್ಮಿದರು. ಇನ್ನೂ ಮೀಸೆ ಸರಿಯಾಗಿ ಬಲಿಯದ, ತೆಳ್ಳಗಿನ, ಮುಜುಗರದ ಮನುಷ್ಯ. "ನಮಸ್ಕಾರ ಅಮ್ಮ. ನಾನು ಗೋಪಾಲಪ್ಪ, ಮಲೇರಿಯಾ ಇನ್‌ಸ್ಪೆಕ್ಟರು. ಇಲ್ಲಿ ಬಾಡಿಗೆಗೆ ಇದೀನಿ. ತಾವು ಯಜಮಾನ್ರ ಕಡೆ ನೆಂಟರೋ, ಅಮ್ಮನೋರ ಕಡೆಯೋ?"

ಎಷ್ಟು ವಿನಯವಾಗಿ ಕೇಳಿದ. ಬೈಯಲೂ ಆಗದಷ್ಟು ವಿನಯ. "ನಾನು ಈ ಮನೆ ಮಗಳು" ಎಂದಳು. ಅವನು, "ಹೌದಾ, ಸಂತೋಷ ಅಮ್ಮ. ಹಾಗಂದ್ರೆ ನಿಮ್ಮನ್ನ ಕೊಟ್ಟಿರೋದು ಯಾವೂರಿಗೆ?" ಎಂದ. ಇವನಿಗೆ ತನ್ನ ಬಗ್ಗೆ ಯಾರೂ ಹೇಳೇ ಇಲ್ಲ ಎಂದು ಅವಳಿಗೆ ಹೊಳೆಯಿತು. ಈ ಕೋಣೆಯಲ್ಲಿ ಇದಕ್ಕೆ ಮೊದಲು ಏನಿತ್ತು ಎಂದು ಕೇಳಿದಳು. "ಉಗ್ರಾಣ ಅಂದ್ರು. ಬೇಡದ ಸಾಮಾನು ಹಾಕ್ತಿದ್ವಿ ಅಂತ" ಎಂದು ಅವನು ಮುಗ್ಧವಾಗಿ ಹೇಳಿದ.

ಅಯ್ಯನವರ ಪಾದಪೂಜೆ ಆಯಿತು. ಗಂಟೆ, ಹೂವು, ಮಂತ್ರ ಎಲ್ಲ ನಡೆಯುತ್ತಿದ್ದಾಗ ಅಕ್ಕನಾಗಮ್ಮ ಕಂಬಕ್ಕೊರಗಿ ಕೈಮುಗಿದು ನಿಂತಿದ್ದಳೇ ಹೊರತು ಅವಳ ಕಿವಿಯಲ್ಲಿ ಬೇಡದ ಸಾಮಾನು, ಬೇಡದ ಸಾಮಾನು ಎಂಬುದೊಂದೇ. ಮಲ್ಲಿಕಾರ್ಜುನಪ್ಪನ ಮುಖ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಅವನು ಬಂದು ಅವಳ ಕಾಲು ಮುಟ್ಟಿ, "ನೋಡಿದ್ಯಾ ಅಕ್ಕಯ್ಯ, ಕಡೆಗೂ ಬಿಡಿಸಿಕೊಂಡ್ವಿ" ಎಂದಾಗ ಅವನ ಕಣ್ಣಲ್ಲಿ ನೀರಿತ್ತು, ಅದು ಸುಳ್ಳು ನೀರಲ್ಲ. ಚಿಕ್ಕವನಿದ್ದಾಗ ಜ್ವರದಲ್ಲಿ ಅವಳ ಸೆರಗು ಹಿಡಿದು ಮಲಗುತ್ತಿದ್ದವನು. ಅವಳು ತಲೆ ಮುಟ್ಟಿ ಹರಸಲು ಕೈ ಎತ್ತಿದಳು. ಕೋಣೆ ಎಂಬ ಮಾತು ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಅವನು ಎದ್ದು, ಇನ್ನೊಬ್ಬರನ್ನು ಎದುರುಗೊಳ್ಳಲು ಹೋದ. ಬಂದವರು ಪರಮಶಿವಪ್ಪನವರು. ಬಡ್ಡಿ ತಿಂದವರನ್ನೇ ಎಲ್ಲರಿಗಿಂತ ಮೇಲಿನ ಚಾಪೆಯಲ್ಲಿ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟರು. ಅವರು ಸುತ್ತ ಗೋಡೆ, ತೊಲೆ, ಬಾಗಿಲುಗಳನ್ನು, ಮಗಳನ್ನು ಒಳ್ಳೆಯ ಮನೆಗೆ ಕೊಟ್ಟ ತಂದೆಯ ಹಾಗೆ ನೋಡುತ್ತಾ ಕೂತರು.

ಮೊದಲ ಪಂಕ್ತಿಗೆ ಎಲೆ ಹಾಕುವಾಗ ನಿರ್ಮಲಮ್ಮ ಅವಳ ತೋಳು ಮುಟ್ಟಿ ಮೆಲ್ಲಗೆ ಹೇಳಿದಳು. "ಅಕ್ಕ, ನೀವೂ ಇದ್ರಾಗೇ ಕೂತುಬಿಡ್ರಿ."

"ಗಂಡಸರ ಪಂಕ್ತೀಲಿ ನಾನ್ಯಾಕೆ? ನಿನ್ನ ಜೊತೆ ಬಡಿಸ್ತೀನಿ. ಆಮೇಲೆ ಕೂತ್ರಾಯ್ತು."

"ಅಲ್ಲ, ಸಂಜಿ ಬಸ್ಸಿಗೆ ಹೋಗೋರು ನೀವು. ತಡ ಆಗ್ತದೆ ಅಂತ."

ಯಾರು ಹೇಳಿದ್ದು ಸಂಜೆ ಬಸ್ಸು ಎಂದು? ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಬೆನಕಪ್ಪನಿಗೆ ಗೊತ್ತಿತ್ತು, ರಾಜೇಶ್ವರಮ್ಮನಿಗೆ ಗೊತ್ತಿತ್ತು, ನಿರ್ಮಲಮ್ಮನಿಗೆ ಗೊತ್ತಿತ್ತು, ಕೊನೆಗೆ ದ್ಯಾಮಮ್ಮನಿಗೂ ಊಹೆಯಿತ್ತು. ಗೊತ್ತಿಲ್ಲದೆ ಬಸ್ಸು ಹತ್ತಿ, ಪಕ್ಕದವಳ ಮುಂದೆ ನಮ್ಮ ಮನೆ ನಮ್ಮ ಮನೆ ಎಂದು ಕೊಚ್ಚಿಕೊಂಡು ಬಂದವಳು ತಾನೊಬ್ಬಳೇ. ಈ ಮನೆಯನ್ನು ಬಿಡಿಸುವುದಕ್ಕೆಂದು ಅವಳು ಹೊಟ್ಟೆ ಒಣಗಿಸಿ, ಒಂದು ಜೀವವನ್ನು ಬೀದಿಗೆ ಹಾಕಿ, ತನ್ನನ್ನೇ ಎತ್ತಿ ಹೊರಗಿಟ್ಟುಕೊಂಡಿದ್ದಳು. ಇವರು ಅವಳು ಇಟ್ಟ ಕಡೆಯಲ್ಲೇ ಅವಳನ್ನು ಬಿಟ್ಟು, ಉಳಿದದ್ದನ್ನು ಒಳಗೆ ತಂದುಕೊಂಡಿದ್ದರು. ಲಾಟೀನು ಎರಡಾಗಿದ್ದವು, ನೋಡಿದ್ದಳು. ಅಡುಗೆಮನೆಯಲ್ಲಿ ಕಾಫಿಯ ಘಮವಿತ್ತು. ಎಲ್ಲವೂ ಮರಳಿ ಬಂದಿತ್ತು. ಅವಳು ನಿರ್ಮಲಮ್ಮನ ಕೈಯಿಂದ ಪಲ್ಯದ ಪಾತ್ರೆ ತೆಗೆದುಕೊಂಡು ಬಡಿಸತೊಡಗಿದಳು. ಕಡೆಯಲ್ಲಿ ಕೂತ ಗೋಪಾಲಪ್ಪನ ಎಲೆಗೆ ಪಲ್ಯ ಒಂದು ಮುಷ್ಟಿ ಜಾಸ್ತಿ ಬಿತ್ತು.

ಊಟವಾಗಿ ಎಲೆ ಅಡಕೆ ಹಾಕಿಕೊಳ್ಳುವ ಹೊತ್ತು. ಹೋಳಿಗೆಯ ಭಾರಕ್ಕೆ ಎಲ್ಲರೂ ಕಂಬಕ್ಕೋ ಗೋಡೆಗೋ ಒರಗಿದ್ದರು. ಪರಮಶಿವಪ್ಪನವರು ಸುಣ್ಣ ಸವರುತ್ತಾ ದೊಡ್ಡ ದನಿಯಲ್ಲಿ, "ಅಕ್ಕನಾಗವ್ವ, ನಿಮ್ಮ ತಮ್ಮನಂಥೋರು ಈ ಊರಾಗೆ ಇಲ್ಲ ಬಿಡ್ರಿ. ಗಡುವು ಮೀರಿದೋರನ್ನ ನೋಡೀನಿ, ಗಡುವಿಗೆ ಮುಂಚೆ ಬಂದು ದುಡ್ಡು ಎಣಿಸಿದೋನನ್ನ ಇವನೊಬ್ಬನ್ನೇ ನೋಡಿದ್ದು. ಹೊಟ್ಟೆ ಬಟ್ಟೆ ಕಟ್ಟಿ ಮನೆ ಬಿಡಿಸ್ದ" ಎಂದರು. ಕೂತವರೆಲ್ಲ ಹೌದು ಹೌದೆಂದರು. ಮಲ್ಲಿಕಾರ್ಜುನಪ್ಪ ತಲೆ ತಗ್ಗಿಸಿ, ನನ್ನದೇನಿದೆ ಶಿವನ ದಯೆ ಎನ್ನುವ ಹಾಗೆ ಕೈ ಜೋಡಿಸಿದ.

"ಹೌದ್ರೀ, ಬಿಡಿಸ್ದ" ಎಂದಳು ಅಕ್ಕನಾಗಮ್ಮ. ನಡುಮನೆಯ ಹೊಸ್ತಿಲ ಮೇಲೆ ನಿಂತಿದ್ದಳು. ಅವಳ ದನಿ ಅವಳಿಗೇ ಬೇರೆಯವರದ್ದೆನಿಸಿತು. "ನಿಮ್ಮಿಂದ ಮನೆ ಬಿಡಿಸ್ದ. ಹಾಗೇ ನನ್ನನ್ನೂ ಮನೆ ಬಿಡಿಸ್ದ. ಒಂದೇ ದುಡ್ಡಾಗೆ ಎರಡು ಕೆಲಸ. ಜಾಣ."

ಯಾರೋ ನಕ್ಕರು, ತಮಾಷೆ ಎಂದುಕೊಂಡು. ನಗು ಅರ್ಧಕ್ಕೆ ನಿಂತಿತು. ಮಲ್ಲಿಕಾರ್ಜುನಪ್ಪ ಎದ್ದು ಬಂದ. "ಏನಕ್ಕಯ್ಯ ಇದು? ಬಂದೋರ ಮುಂದೆ?"

"ಬಂದೋರೊಳಗೆ ನನ್ನೂ ಸೇರಿಸಿದೀಯಲ್ಲ, ಅದಕ್ಕೆ ಅವರ ಮುಂದೇನೇ ಕೇಳ್ತೀನಿ. ನನ್ನ ಕೋಣೆ ಯಾವಾಗ ಉಗ್ರಾಣ ಆಯ್ತು? ನಾನು ಯಾವಾಗ ಬೇಡದ ಸಾಮಾನು ಆದೆ?"

"ಬಾಡಿಗಿ ಬರ್ತದೆ ಅಂತ ಕೊಟ್ಟೆ. ಅದೂ ಸಾಲಕ್ಕೇ ಹೋಯ್ತಲ್ಲ ಅಕ್ಕಯ್ಯ."

"ಸಾಲ ತೀರಿ ಹೋಯ್ತಲ್ಲ. ಇವತ್ತಿಗೂ ಯಾಕೆ ಇದೆ?"

ಅವನು ಸುತ್ತ ನೋಡಿದ. ಅವನ ಕಿವಿ ಕೆಂಪಾಗಿತ್ತು. ಸಣ್ಣವನಿದ್ದಾಗಲೂ ಹಾಗೇ, ತಪ್ಪು ಸಿಕ್ಕಿಬಿದ್ದರೆ ಮೊದಲು ಕಿವಿ, ಆಮೇಲೆ ದನಿ. "ಮೇಲೊಂದು ಅಟ್ಟ ಕಟ್ಟಿಸಬೇಕು ಅಂತ... ಇನ್ನೊಂದು ವರ್ಷ ಹಿಂಗೇ ನಡೆದ್ರೆ..." ಎಂದು ಶುರುಮಾಡಿದವನು ಒಮ್ಮೆಗೇ ದನಿಯೇರಿಸಿದ. "ಇದೆಲ್ಲ ಯಾರು ಕಲಿಸಿದ್ದು? ನಾನು ಕೇಳಿದ್ನಾ? ಬಾಯಿ ಕಟ್ಟು ಅಂದೋಳು ನೀನು. ದ್ಯಾಮಮ್ಮನ್ನ ಬಿಡಿಸಿದ್ದು ಯಾರು? ನಾನಾ?"

ಹಿತ್ತಲ ಬಾಗಿಲಲ್ಲಿ ದ್ಯಾಮಮ್ಮ ತೊಳೆದ ಕೊಪ್ಪರಿಗೆ ಹೊತ್ತು ಒಳಗಿಡಲೆಂದು ಬಂದವಳು ಅಲ್ಲೇ ನಿಂತಿದ್ದಳು. ಮಲ್ಲಿಕಾರ್ಜುನಪ್ಪ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದೇ ಅನ್ಯಾಯ, ಅಕ್ಕನಾಗಮ್ಮನದ್ದೇ ನಿಜವನ್ನು ಅವಳ ಬಾಯಿಗೆ ತುರುಕಿ ಸುಮ್ಮನಾಗಿಸುವುದು. ಇಷ್ಟು ಹೊತ್ತೂ ಬಸ್ಸಿನಲ್ಲಿ, ಸೊರಬದ ಜಗಲಿಯಲ್ಲಿ, ಅವಳು ತನ್ನ ಸಿಟ್ಟಿನ ಬಾಯಿಯನ್ನು ತಾನೇ ಹೀಗೆ ಮುಚ್ಚಿಸುತ್ತಾ ಬಂದಿದ್ದಳು. ಈಗ ಅದೇ ಮಾತು ಇನ್ನೊಬ್ಬರ ಬಾಯಿಂದ ಬಂದಾಗ ಅದರ ಬಣ್ಣವೇ ಬೇರೆ ಕಂಡಿತು. ಅವಳು ತಿರುಗಿ ದ್ಯಾಮಮ್ಮನನ್ನು ನೋಡಿದಳು. ದ್ಯಾಮಮ್ಮ ನೋಟ ತಪ್ಪಿಸಲಿಲ್ಲ, ಸಹಾಯಕ್ಕೂ ಬರಲಿಲ್ಲ.

"ಹೌದು, ನಾನೇ" ಎಂದಳು. "ಅವಳ ಅನ್ನ ಕಿತ್ತೋಳು ನಾನೇ. ಅದಕ್ಕೆ ಅವಳು ನನ್ನ ಮುಖದ ಮೇಲೆ ಏನು ಬೇಕಾದ್ರೂ ಅನ್ನಲಿ, ನಿಂತು ಕೇಳ್ತೀನಿ. ಅನ್ನೋ ಹಕ್ಕು ಅವಳದು, ನಿಂದಲ್ಲ. ನಾನು ಮಾಡಿದ ತಪ್ಪು ತೋರಿಸಿ ನೀನು ಇನ್ನೊಂದು ಮಾಡಬೇಡ ಮಲ್ಲಪ್ಪ. ನಾನು ಮನೆಗೋಸ್ಕರ ಅಂತ ಬಾಯಿ ಕಟ್ಟಿದೆ. ನನ್ನ ಮನೆ ಅಂತ ಕಟ್ಟಿದೆ. ನಿನ್ನ ಮನೆ ಅಂತ ಮೊದ್ಲೇ ಹೇಳಿದ್ರೆ ದಿನಾ ಎರಡು ಹೊತ್ತು ಹೊಟ್ಟೆ ತುಂಬ ಉಂಡಿರ್ತಿದ್ದೆ."

ಅಯ್ಯನವರು ಜೋಳಿಗೆ ಸರಿಮಾಡಿಕೊಂಡು, "ಶಿವ ಶಿವ, ಹೊತ್ತಾಯ್ತು" ಎಂದು ಎದ್ದರು. ಒಬ್ಬೊಬ್ಬರಾಗಿ ಎಲ್ಲರೂ ಚಪ್ಪಲಿ ಹುಡುಕತೊಡಗಿದರು. ಪರಮಶಿವಪ್ಪನವರು ಹೋಗುವಾಗ ಮಲ್ಲಿಕಾರ್ಜುನಪ್ಪನ ಹೆಗಲ ಮೇಲೆ ಕೈಯಿಟ್ಟು, ಹೆಂಗಸರ ಮಾತು, ಮನಸ್ಸಿಗೆ ಹಚ್ಚಿಕೋಬೇಡ ಎಂಬಂತೆ ಏನೋ ಹೇಳಿದ್ದು ಅವಳಿಗೆ ಕೇಳಿಸಿತು. ಕೇಳಿಸಲೆಂದೇ ಹೇಳಿದ್ದರು. ಮನೆಯ ಮೇಲೆ ಇವರ ಹಿಡಿತ ಹೋಯಿತು, ಮಾತಿನ ಮೇಲಿನ ಹಿಡಿತ ಇನ್ನೂ ಹೋಗಿಲ್ಲ ಎಂದುಕೊಂಡಳು. ಬೀದಿಯಲ್ಲಿ ಅವರ ಜೋಡಿನ ಸದ್ದು ದೂರವಾಗುವ ತನಕ ಅವಳು ಹೊಸ್ತಿಲು ಬಿಟ್ಟು ಕದಲಲಿಲ್ಲ.

ಗೋಪಾಲಪ್ಪ ಬಂದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. "ಅಮ್ಮ, ನನಗೆ ಗೊತ್ತಿರ್ಲಿಲ್ಲ. ಈ ವಾರದಾಗೆ ಬೇರೆ ಕಡೆ ನೋಡ್ಕೊಂಡು ಖಾಲಿ ಮಾಡಿಬಿಡ್ತೀನಿ."

ಅವಳು ಅವನನ್ನು ನೋಡಿದಳು. ಊರೂರು ಅಲೆದು ಕಂಡವರ ಗೋಡೆಗೆ ಔಷಧ ಹೊಡೆದು, ಸಂಜೆ ಮರಳಿ ಒಂದು ಹಗ್ಗದ ಮಂಚಕ್ಕೆ ಬೀಳುವವನು. ಇವನನ್ನು ಹೊರಗೆ ಹಾಕಿ ಒಳಗೆ ಕೂರಬೇಕೆ? ಮತ್ತೆ ಯಾರನ್ನಾದರೂ ತೆಗೆಯುವುದೇ ತನಗೆ ಗೊತ್ತಿರುವ ಒಂದೇ ವಿದ್ಯೆಯೇ? "ಬೇಡಪ್ಪ, ಇರು" ಎಂದಳು. "ಆ ಗೂಡು ಮಾತ್ರ ಖಾಲಿ ಮಾಡಿ ತೊಳೆದುಕೊಡು. ಬೆಳಿಗ್ಗೆ ಪೂಜೆಗೆ ಬರ್ತೀನಿ. ನಾನು ಪಡಸಾಲೇಲಿ ಮಲಗ್ತೀನಿ, ಅಲ್ಲಿ ಗಾಳಿ ಚೆನ್ನಾಗಿ ಬರ್ತದೆ." ಆಮೇಲೆ ತಮ್ಮನಿಗೂ ಕೇಳುವಂತೆ, ಅವಸರವಿಲ್ಲದೆ ಹೇಳಿದಳು. "ಇನ್ನು ಮೇಲೆ ಬಾಡಿಗೆ ನನ್ನ ಕೈಗೆ ಕೊಡು."

ಗೋಪಾಲಪ್ಪ ಮಲ್ಲಿಕಾರ್ಜುನಪ್ಪನ ಕಡೆ ನೋಡಿದ. ಮಲ್ಲಿಕಾರ್ಜುನಪ್ಪ ಕಂಬದ ಕಡೆ ನೋಡಿದ. ಅವನ ತುಟಿ ಸಣ್ಣಗೆ ಅಲ್ಲಾಡಿದ್ದನ್ನು ಅಕ್ಕನಾಗಮ್ಮ ಕಂಡಳು. ಅಟ್ಟದ ಲೆಕ್ಕದಿಂದ ಏನನ್ನೋ ಕಳೆಯುತ್ತಿದ್ದಾನೆ. ಅವನ ಮೇಲೆ ಕನಿಕರ ಬಂತು. ಬಂದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನು, "ಆಗ್ಲಿ ಕೊಡ್ರಿ, ಅಕ್ಕಯ್ಯನ ಕೈಗೇ ಕೊಡ್ರಿ" ಎಂದು ಹೇಳಿ, ಚಪ್ಪಲಿ ಮೆಟ್ಟಿ ಅಂಗಡಿಯ ಕಡೆಗೆ ಹೋದ. ಅಂಗಡಿ ಇವತ್ತು ಮುಚ್ಚಿತ್ತು.

ದ್ಯಾಮಮ್ಮ ಕೂಲಿ ಇಸಿದುಕೊಂಡು, ಉಳಿದ ಹೋಳಿಗೆಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು. ಅಕ್ಕನಾಗಮ್ಮ ಹಿತ್ತಲ ಬೇಲಿಯ ತನಕ ಹೋಗಿ, "ನಾಳೆ ಬರ್ತೀಯೇನೇ? ಕೂಲಿ ನಾನು ಕೊಡ್ತೀನಿ" ಎಂದಳು. ದ್ಯಾಮಮ್ಮ ನಿಂತು, ಯೋಚಿಸಿ, "ಬ್ಯಾರೆ ಎರಡು ಮನೆ ಹಿಡಿದೀನಿ ಕಣವ್ವ. ಅವ್ರು ನಂಬಿಕ್ಯಂಡವ್ರೆ" ಎಂದು ನಡೆದೇಬಿಟ್ಟಳು. ಅಕ್ಕನಾಗಮ್ಮ ಬೇಲಿ ಹಿಡಿದು ನಿಂತಿದ್ದಾಗ ಊರ ಹೊರಗಿನ ರಸ್ತೆಯಲ್ಲಿ ಸೊರಬದ ಬಸ್ಸಿನ ಹಾರನ್ನು ಎರಡು ಸಲ ಕೇಳಿಸಿ ನಿಂತಿತು.

ಒಳಗೆ ಬಂದಾಗ ಅವಳಿಗೆ ಹಸಿವು ಗೊತ್ತಾಯಿತು. ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ಹೋಗಿರಲಿಲ್ಲ. ಅಡುಗೆಮನೆಯಲ್ಲಿ ನಿರ್ಮಲಮ್ಮ ಒಲೆಗೆ ಬೆನ್ನು ಮಾಡಿ ಕೂತಿದ್ದಳು. ಅಳುತ್ತಿದ್ದಳೋ, ಸುಮ್ಮನೆ ದಣಿದಿದ್ದಳೋ. ಎಂದಿನ ಹಾಗೆ ಅಕ್ಕನಾಗಮ್ಮ ತಾನೇ ಎಲೆ ತೆಗೆದು, ತಳದಲ್ಲಿ ಉಳಿದದ್ದನ್ನು ಬಳಿದು ಹಾಕಿಕೊಂಡು ಮೂಲೆಯಲ್ಲಿ ಕೂತು ಮುಗಿಸಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ನಡುಮನೆಯ ಮಧ್ಯದಲ್ಲಿ ಎಲೆ ಹಾಸಿ, ನೀರು ಚಿಮುಕಿಸಿ, ಕೂತಳು. ಕೂಗಲೂ ಇಲ್ಲ. ಬೆಳಕು ಗೋಡೆಯಿಂದ ಇಳಿದು ನೆಲಕ್ಕೆ ಬಂತು, ನೆಲದಿಂದ ಬಾಗಿಲಿಗೆ ಸರಿಯಿತು. ಮೊಣಕಾಲು ನೋಯತೊಡಗಿದರೂ ಏಳಲಿಲ್ಲ. ಕೊನೆಗೆ ನಿರ್ಮಲಮ್ಮ ಅನ್ನದ ಪಾತ್ರೆ ಹಿಡಿದು ಬಂದಳು. ಮುಖ ಊದಿತ್ತು. "ಮೊದ್ಲೇ ಹೇಳಬಾರ್ದೇನ್ರೀ ಅಕ್ಕ" ಎಂದು ಗೊಣಗಿ, ಬಾಗಿ, ಒಂದು ಸೌಟು ಅನ್ನ ಹಾಕಿ ಕೈ ತಡೆದಳು. ಬಡಿಸುವ ಕೈ ಹಾಗೆ ತಡೆಯುವುದು ಉಣ್ಣುವವರು ಸಾಕು ಎನ್ನಲೆಂದು. ಅಕ್ಕನಾಗಮ್ಮ ಎಲೆಯ ಮೇಲೆ ಕೈ ಅಡ್ಡ ಹಿಡಿಯಲಿಲ್ಲ. ನಿರ್ಮಲಮ್ಮ ಇನ್ನೊಂದು ಸೌಟು ಹಾಕಿ ಅವಳ ಮುಖ ನೋಡಿದಳು. ಅಕ್ಕನಾಗಮ್ಮ ಎಲೆಯನ್ನೇ ನೋಡುತ್ತಿದ್ದಳು. ಮೂರನೆಯದೂ ಬಿತ್ತು.

ಅವಳು ಸಾಕು ಎನ್ನಲಿಲ್ಲ.